ಮಲಗಿಕೊಂಡು ಹೋಗುವ ಸೀಟು

ಸಾಲವೆಂದರೆ ಮಾರು ದೂರ ನಿಲ್ಲುವ ಮನುಷ್ಯ ಒಂದು ಸಲ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದನೆಂದರೆ, ಆಮೇಲೆ ಅವನ ಮನೆಯಲ್ಲಿ ಒಂದರ ಬೆನ್ನಿಗೆ ಒಂದು ಪ್ರಸಂಗ ನಡೆಯುವುದನ್ನು ಯಾರೂ ತಡೆಯಲಾರರು. ನಮ್ಮಲ್ಲಿ ಒಂದೂವರೆ ವರ್ಷ ನಡೆದವು. ನಡೆಯುವಾಗ ಒಂದಕ್ಕೂ ನಾನು ನಗಲಿಲ್ಲ. ಕೇಳಿದವರು ಮಾತ್ರ ನಗುತ್ತಾರೆ. ಕೋರ್ಟಿನ ಕ್ಯಾಂಟೀನಿನಲ್ಲಿ ಅರ್ಧ ಹೇಳಿ ಸುಮ್ಮನಾದರೆ "ಮುಂದೆಂತಾಯ್ತು ಸಾರ್?" ಎಂದು ಅವರೇ ಕಾಫಿ ಕೊಡಿಸುತ್ತಾರೆ. ಬಾಯಿಂದ ಬಾಯಿಗೆ ಹೋಗುತ್ತ ಸಂಗತಿಗಳು ಬೇರೆಯೇ ಆಗುತ್ತಿರುವುದರಿಂದ, ಸರಿಯಾದ ಪಾಠ ಒಂದು ಇರಲಿ ಎಂದು ಬರೆಯುತ್ತಿದ್ದೇನೆ.

೧. ಸೊಂಟ ಮತ್ತು ಲಂಡನ್

ನಾನು ಸಾಗರದಲ್ಲಿ ಸಿವಿಲ್ ವಕೀಲ, ನೋಟರಿ ಕೂಡ. ಓದಿದ್ದು ಇಂಗ್ಲಿಷ್ ಮೀಡಿಯಂ ಬೋರ್ಡಿಂಗ್ ಶಾಲೆಯಲ್ಲಿ. ಅಲ್ಲಿ ಅಲ್ಪವಿರಾಮ ತಪ್ಪಿದರೂ ಬೆತ್ತ ಬೀಳುತ್ತಿತ್ತು. ನನ್ನ ಹೆಂಡತಿಯ ತವರು ತೀರ್ಥಹಳ್ಳಿ ಕಡೆ. ಅವಳ ಅಕ್ಕ, ಮನೆಮಂದಿಯೆಲ್ಲ ದೊಡ್ಡಕ್ಕ ಎಂದು ಕರೆಯುವವರು, ಎಳೆಯ ವಯಸ್ಸಿಗೇ ಡಾಕ್ಟರಾಗಿ ಲಂಡನ್ನಿಗೆ ಹೋಗಿ ಅಲ್ಲೇ ಉಳಿದರು. ಮದುವೆ ಮಾಡಿಕೊಳ್ಳಲಿಲ್ಲ. ಎರಡು ವರ್ಷಕ್ಕೊಮ್ಮೆ ತಪ್ಪದೆ ಬಂದು ತಂಗಿಯ ಜೊತೆ ಒಂದು ತಿಂಗಳು ಇದ್ದು ಹೋಗುತ್ತಿದ್ದರು. ಹೃದಯ ಕೈಕೊಟ್ಟ ಮೇಲೆ ಅವರು ವಿಮಾನ ಹತ್ತುವಂತಿಲ್ಲ ಎಂದು ಅಲ್ಲಿನ ಡಾಕ್ಟರುಗಳು ಹೇಳಿದರು.

ಇತ್ತ ನನ್ನ ಹೆಂಡತಿಗೆ ಬೆನ್ನಿನ ಆಪರೇಷನ್ ಆಗಿತ್ತು. ನಿಲ್ಲಬಹುದು, ನಡೆಯಬಹುದು, ಮಲಗಬಹುದು. ಅರ್ಧ ಗಂಟೆಗಿಂತ ಹೆಚ್ಚು ಕೂರುವ ಹಾಗಿಲ್ಲ. "ಲಂಡನ್ನಿಗೆ ಹೋಗ್ಬಹುದಾ ಡಾಕ್ಟ್ರೇ?" ಎಂದು ಅವಳು ಕೇಳಿದ್ದಕ್ಕೆ ಶಿವಮೊಗ್ಗದ ಡಾಕ್ಟರು, "ಮಲಗಿಸ್ಕೊಂಡು ಕರ್ಕೊಂಡು ಹೋಗೋದಾದ್ರೆ ಹೋಗಿ" ಎಂದು ನಕ್ಕರು. ಅವಳು ನಗಲಿಲ್ಲ.

ಭಾನುವಾರ ಬಂದರೆ ವಿಡಿಯೋ ಕಾಲು. ಅಲ್ಲಿ ಅವರು ಹಾಸಿಗೆಯಲ್ಲಿ, ಇಲ್ಲಿ ಇವಳು ಹಾಸಿಗೆಯಲ್ಲಿ. "ಇನ್ನು ಈ ಡಬ್ಬದೊಳಗೇ ಕಣೇ ನಾವು ನೋಡ್ಕೊಳ್ಳೋದು" ಎನ್ನುತ್ತಿದ್ದರು ದೊಡ್ಡಕ್ಕ. ಕಾಲು ಮುಗಿದ ಮೇಲೆ ಇವಳು ಫೋನನ್ನು ಎದೆಯ ಮೇಲೆ ಕವುಚಿಟ್ಟುಕೊಂಡು ಮಲಗಿರುತ್ತಿದ್ದಳು. ದೊಡ್ಡಕ್ಕನಿಗೆ ಇನ್ನು ಎಷ್ಟು ಸಮಯವಿದೆ ಎಂಬುದು ಡಾಕ್ಟರಾದ ಅವರಿಗೇ ಚೆನ್ನಾಗಿ ಗೊತ್ತಿತ್ತು. ಅವರು ಹೇಳುತ್ತಿರಲಿಲ್ಲ, ಇವಳು ಕೇಳುತ್ತಿರಲಿಲ್ಲ.

ಇಂಥ ಒಂದು ಭಾನುವಾರ ಹೊಸನಗರದಿಂದ ನನ್ನ ಭಾವಮೈದ ಬಂದ. ಹೆಂಡತಿಯ ತಮ್ಮ, ಅಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾನೆ. ಬಂದವನೇ ಪರ್ಸು ತೆಗೆದು ಊಟದ ಮೇಜಿನ ಮೇಲೆ ಒಂದಿಷ್ಟು ಕ್ರೆಡಿಟ್ ಕಾರ್ಡುಗಳನ್ನು ಇಸ್ಪೀಟಿನಂತೆ ಹರಡಿದ.

"ಭಾವ, ವಿಮಾನದಲ್ಲಿ ಮಲಗ್ಕೊಂಡು ಹೋಗೋ ಸೀಟಿದೆ. ಮಂಚದ ಥರ ಉದ್ದಕ್ಕೆ ಬಿಚ್ಕೊಳ್ತದೆ."

"ಗೊತ್ತು. ಅದರ ಬೆಲೆ ಕೇಳಿಯೇ ನನಗೂ ಸೊಂಟ ಹಿಡಿದದ್ದು."

"ದುಡ್ಡು ಕೊಟ್ಟು ಯಾರು ಹೋಗ್ತಾರೆ? ಪಾಯಿಂಟ್ಸಲ್ಲಿ ಹೋಗೋದು. ಒಂದು ಕಾರ್ಡ್ ಮಾಡಿಸಿ. ಹೇಳಿದಷ್ಟು ಖರ್ಚು ಮಾಡಿ. ಬೋನಸ್ ಪಾಯಿಂಟ್ ಬರ್ತದೆ, ಅದನ್ನ ವಿಮಾನದವರ ಲೆಕ್ಕಕ್ಕೆ ಹಾಕಿ. ಕಾರ್ಡ್ ಮುಚ್ಚಿ. ಇನ್ನೊಂದು ಬ್ಯಾಂಕಲ್ಲಿ ಇನ್ನೊಂದು ಮಾಡಿಸಿ. ಬೋನಸ್, ಮುಚ್ಚಿ. ಅಷ್ಟೇ."

"ಇದು ಉಂಡು ಕೈ ತೊಳೆದು ಹಿಂದಿನ ಬಾಗಿಲಿಂದ ಹೋದ ಹಾಗಲ್ಲವೇನಯ್ಯ?"

"ಕರೆದು ಬಡಿಸ್ತಿರೋದು ಅವರೇ ಭಾವ."

"ಇಷ್ಟೆಲ್ಲ ಪಾಯಿಂಟು ಮಾಡಿ ನೀನು ಎಲ್ಲೆಲ್ಲಿಗೆ ಹೋಗಿದ್ದೀಯ?"

ಅವನು ಕಾರ್ಡುಗಳನ್ನು ಒಟ್ಟು ಮಾಡತೊಡಗಿದ. "ಎಲ್ಲಿಗೂ ಇಲ್ಲ. ಅಂಗಡಿ ಯಾರು ನೋಡ್ಕೊಳ್ತಾರೆ? ಹೋದ ವರ್ಷದ್ದೆಲ್ಲ ವಾಯಿದೆ ಮುಗಿದು ಹೋಯ್ತು."

ನನ್ನ ಹೆಂಡತಿ ಒಳಗಿನಿಂದ ಒಂದೇ ಮಾತು ಕೇಳಿದಳು. "ನಿಜವಾಗ್ಲೂ ಉದ್ದಕ್ಕೆ ಬಿಚ್ಕೊಳ್ತದೇನೋ ತಮ್ಮ?"

ಅದಾದ ಮೇಲೆ ನಾನು ವಾದ ಮಾಡಲಿಲ್ಲ. ಆದರೆ ಓದದೆ ಎಲ್ಲಿಯೂ ಸಹಿ ಹಾಕಿದವನಲ್ಲ. ಒಂದು ಬ್ಯಾಂಕಿನ ನಿಯಮಾವಳಿಯನ್ನು ಎರಡು ರಾತ್ರಿ ಕುಳಿತು ಮೊದಲಿನಿಂದ ಕೊನೆಯವರೆಗೆ ಓದಿದೆ. ಬೋನಸ್ ಪಡೆದು ಮುಚ್ಚಬಾರದೆಂದು ಎಲ್ಲಿಯೂ ಇರಲಿಲ್ಲ. ಬದಲಿಗೆ ಎರಡು ಷರತ್ತುಗಳು ಒಂದನ್ನೊಂದು ಅಲ್ಲಗಳೆಯುತ್ತಿದ್ದವು. ವಾಕ್ಯರಚನೆಯಲ್ಲಿ ಇದ್ದ ತಪ್ಪುಗಳಂತೂ ನಮ್ಮ ಶಾಲೆಯಲ್ಲಿ ಆಗಿದ್ದರೆ ಅಂಗೈ ಊದಿಸುವಷ್ಟಿದ್ದವು. ಎಲ್ಲವನ್ನೂ ತಿದ್ದಿ, ಈ ಗೊಂದಲ ಪರಿಹಾರವಾಗುವವರೆಗೆ ಅರ್ಜಿ ಹಾಕಲು ನನಗೆ ಮನಸ್ಸಿಲ್ಲವೆಂದು ಬ್ಯಾಂಕಿಗೆ ಸುದೀರ್ಘವಾಗಿ ಬರೆದೆ.

ಮರುದಿನವೇ ಉತ್ತರ ಬಂತು. 'ಅಭಿನಂದನೆಗಳು! ನಿಮ್ಮ ಅರ್ಜಿ ತಲುಪಿದೆ. ನಮ್ಮ ಕಾರ್ಡಿನ ಬಗ್ಗೆ ನೀವು ತೋರಿಸಿದ ಉತ್ಸಾಹಕ್ಕೆ ಧನ್ಯವಾದ.'

೨. ನೆರೆಯವರ ನಿಷ್ಠೆ

ಕಾರ್ಡು ಕೊಡುವ ಮೊದಲು ಬ್ಯಾಂಕಿನವರು ಮನೆ ನೋಡಲು ಒಬ್ಬನನ್ನು ಕಳಿಸುತ್ತಾರೆ. ಅವನು ಬಂದ ದಿನ ನಾನು ಕೋರ್ಟಿನಲ್ಲಿದ್ದೆ, ಹೆಂಡತಿ ಫಿಸಿಯೋಥೆರಪಿಗೆ ಹೋಗಿದ್ದಳು. ಬಾಗಿಲು ಹಾಕಿದ್ದರಿಂದ ಅವನು ಪಕ್ಕದ ಮನೆಯವರನ್ನು ವಿಚಾರಿಸಿದ.

ಪಕ್ಕದವರು ಆನಂದಪುರದ ಹತ್ತಿರ ಅಡಿಕೆ ತೋಟ ಇರುವ ಹಿರಿಯರು. ನಮಗೂ ಅವರಿಗೂ ಇಪ್ಪತ್ತು ವರ್ಷದ ಬಳಕೆ, ಮಜ್ಜಿಗೆ ಹುಳಿ ಬೇಲಿಯ ಮೇಲಿಂದ ಅತ್ತಿತ್ತ ಹೋಗುತ್ತದೆ. ಅಪರಿಚಿತನೊಬ್ಬ ಫೈಲು ಹಿಡಿದು "ಇವರ ಆದಾಯ ಹೇಗೆ?" ಎಂದು ಕೇಳಿದರೆ ನಮ್ಮ ಕಡೆಯ ಯಾವ ತೋಟದ ಯಜಮಾನನೂ ಏನು ಹೇಳುತ್ತಾನೋ ಅದನ್ನೇ ಅವರೂ ಹೇಳಿದರು.

"ಎಂತ ಇದ್ದು ಮಾರಾಯ ಅವಕ್ಕೆ? ಎಂತದೂ ಇಲ್ಲೆ. ಈ ಸಲ ಕೊಳೆ ಬಂದು ಫಸಲೆಲ್ಲ ಉದುರಿ ಹೋತು."

ನನಗೆ ತೋಟವೇ ಇಲ್ಲ.

"ಮನೆ ಸ್ವಂತದ್ದಾ?" ಎಂದು ಅವನು ಕೇಳಿದ.

"ಮನೆ ಹೇಳಿ ಒಂದು ಇದ್ದು. ಮಳೆಗಾಲ ಕಳೆದ್ರೆ ಪುಣ್ಯ."

"ವಕೀಲರಲ್ವಾ? ಸಂಪಾದನೆ?"

"ಅಯ್ಯೋ, ಅವರದ್ದು ಬಾಯಿ ಜೋರು. ಕಕ್ಷಿದಾರರು ಹತ್ರ ಬರಕ್ಕೇ ಹೆದರ್ತ."

ಅರ್ಜಿ ತಿರಸ್ಕೃತವಾಯಿತು. ವಿಷಯ ತಿಳಿದು ನಾನು ಬೇಲಿಯ ಹತ್ತಿರ ಹೋಗಿ ನಿಂತೆ. ಹಿರಿಯರಿಗೆ ಸಂಕೋಚವಿರಲಿ, ಮುಖದ ತುಂಬ ಹೆಮ್ಮೆ.

"ಬಂದಿದ್ನಲ ಒಬ್ಬ. ನಿಮ್ಮನ್ನ ಬಿಟ್ಟುಕೊಡಲ್ಲೆ ನಾನು. ತೆರಿಗೆಯವ್ನೇ ಇರವು ಅಂದ್ಕಂಡಿ. ಎಂಗೊ ಹೊರಗಿನವ್ಕೆ ಯಾವತ್ತಾದ್ರೂ ಇದ್ದು ಹೇಳಿ ಹೇಳ್ತ್ವಾ?"

ನಾನು ತಾಳ್ಮೆಯಿಂದ ಎಲ್ಲವನ್ನೂ ವಿವರಿಸಿದೆ. ದೊಡ್ಡಕ್ಕನ ಕಾಯಿಲೆ, ಇವಳ ಸೊಂಟ, ಬೋನಸ್, ಮುಚ್ಚುವುದು, ಎಲ್ಲ. ಅವರಿಗೆ ಕಣ್ಣು ಒದ್ದೆಯಾಯಿತು. "ಇನ್ನೊಂದು ಬ್ಯಾಂಕಿನಿಂದ ಬರುತ್ತಾರೆ. ದಯವಿಟ್ಟು ಕೂಡಿಸುವುದೂ ಬೇಡ, ಕಳೆಯುವುದೂ ಬೇಡ. ಇದ್ದ ಸತ್ಯವನ್ನು ಇದ್ದ ಹಾಗೆ ಹೇಳಿ" ಎಂದೆ. ಅವರು ಕೈ ಮೇಲೆ ಕೈಯಿಟ್ಟು ಒಪ್ಪಿದರು.

ಎರಡನೆಯವನು ಬಂದು ಹೋದ. ಎರಡನೆಯ ಅರ್ಜಿಯೂ ತಿರಸ್ಕೃತವಾಯಿತು.

"ಈ ಸಲ ಏನು ಹೇಳಿದಿರಿ?"

"ಸತ್ಯವನ್ನೇ ಹೇಳಿದ್ದು. ಸ್ವಂತ ಮನೆ ಇದ್ದು, ಒಳ್ಳೇ ಪ್ರಾಕ್ಟೀಸ್ ಇದ್ದು, ಒಂದು ರೂಪಾಯಿ ಸಾಲ ಇಲ್ಲೆ ಹೇಳಿ. ಅಂವ ಭಾರಿ ಖುಷಿ ಆದ." ಹಿರಿಯರು ಬೇಲಿಗೆ ಇನ್ನಷ್ಟು ಹತ್ತಿರ ಬಂದರು. "ಕಾರ್ಡು ಬಂದ ಕೂಡ್ಲೆ ಬೋನಸ್ ತಗಂಡು ಮುಚ್ತ್ರಡ ಹೇಳಿಯೂ ಹೇಳಿದಿ. ನೀವೇ ಹೇಳಿದ್ದಲ, ಕಳೆಯದು ಬೇಡ ಹೇಳಿ?"

೩. ಒಳ್ಳೆಯ ಸುದ್ದಿ

ಮೂರನೆಯ ಬ್ಯಾಂಕಿನವನು ಬರುವ ಹೊತ್ತಿಗೆ ಹಿರಿಯರನ್ನು ಅವರ ಮಗಳ ಮನೆಗೆ ಕಳಿಸಿದ್ದೆವು. ಕಾರ್ಡು ಬಂತು.

ಹೇಳಿದ ಅವಧಿಯೊಳಗೆ ಹೇಳಿದಷ್ಟು ಖರ್ಚು ಮಾಡಿದರೆ ಮಾತ್ರ ಬೋನಸ್. ಖರ್ಚು ಮಾಡುವುದು ಎಲ್ಲಿ? ನಮ್ಮ ಊರುಗಳಲ್ಲಿ ಕಡಲೆಕಾಯಿ ಮಾರುವವನಿಂದ ಹಿಡಿದು ಎಲ್ಲರೂ ಫೋನಿನಲ್ಲೇ ದುಡ್ಡು ತೆಗೆದುಕೊಳ್ಳುತ್ತಾರೆ. ರಿಪ್ಪನ್‌ಪೇಟೆಯ ಅಂಗಡಿಯೊಂದರಲ್ಲಿ ಕಾರ್ಡು ತೋರಿಸಿದ್ದಕ್ಕೆ ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ, "ಫೋಟೋ ಇಲ್ವಲ್ಲ ಸಾರ್ ಇದರಲ್ಲಿ" ಎಂದ.

ಭಾವಮೈದ ಒಂದು ದಾರಿ ಹೇಳಿದ. ಪರಿಚಯದ ಅಂಗಡಿಯಲ್ಲಿ ಸಾಮಾನು ತೆಗೆದುಕೊಳ್ಳದೆ ಸುಮ್ಮನೆ ಕಾರ್ಡು ಉಜ್ಜಿ, ನಗದು ವಾಪಸು ಪಡೆಯುವುದು.

"ನಡೆಯದ ಮಾರಾಟವನ್ನು ನಡೆಯಿತು ಎನ್ನುವುದಕ್ಕೆ ಕಾನೂನಿನಲ್ಲಿ ಬೇರೆ ಹೆಸರಿದೆ" ಎಂದೆ.

"ಹಾಗಾದ್ರೆ ನಿಜವಾಗ್ಲೂ ಕೊಳ್ಳೋರ ಜೊತೆ ಹೋಗಿ. ಅವರ ಸಾಮಾನಿಗೆ ನಿಮ್ಮ ಕಾರ್ಡು, ಅವರ ನಗದು ನಿಮ್ಮ ಕೈಗೆ. ಗದ್ದೆ ಕೆಲಸಕ್ಕೆ ಮುಯ್ಯಾಳು ಹೋಗ್ತಾರಲ್ಲ, ಇವತ್ತು ನಿಮ್ಮಲ್ಲಿಗೆ ನಾನು, ನಾಳೆ ನಮ್ಮಲ್ಲಿಗೆ ನೀವು, ಹಾಗೆ."

ಇದರಲ್ಲಿ ಸುಳ್ಳಿರಲಿಲ್ಲ. ಒಪ್ಪಿದೆ. ಅಂದಿನಿಂದ ಯಾರ ಮನೆಯಲ್ಲಿ ದೊಡ್ಡ ಖರೀದಿ ಇದೆ ಎಂದು ಕಾಯುವ ಕೆಲಸ ಶುರುವಾಯಿತು. ಒಬ್ಬರು ಹುಲ್ಲು ಹೊಡೆಯುವ ಮಷೀನ್ ಕೊಂಡರು, ಒಬ್ಬರು ಫ್ರಿಜ್ಜು. ಸಾಲಲಿಲ್ಲ. ಅದು ಮದುವೆಗಳಿಲ್ಲದ ತಿಂಗಳು. ಭಾನುವಾರದ ಕಾಲಿನಲ್ಲಿ ದೊಡ್ಡಕ್ಕನ ಮೂಗಿಗೆ ಆಕ್ಸಿಜನ್ ನಳಿಕೆ ಬಂದಿತ್ತು. ಹೆಂಡತಿ ಅದನ್ನು ನೋಡಿ ಏನೂ ಕೇಳದೆ, ಬೇರೇನೋ ಮಾತಾಡಿ ಫೋನಿಟ್ಟಳು.

ಒಂದು ಬೆಳಿಗ್ಗೆ ಭಾವಮೈದನ ಫೋನು. "ಭಾವ, ಒಳ್ಳೇ ಸುದ್ದಿ! ತೀರ್ಥಹಳ್ಳಿ ದೊಡ್ಡಪ್ಪ ಹೋಗ್ಬಿಟ್ರು!"

ತೊಂಬತ್ತು ದಾಟಿದವರು, ನೋವಿಲ್ಲದೆ ಹೋದರು, ನಿಜ. ಆದರೂ ನಾನು ಬೈದೆ. ಅವನು ಬೈಸಿಕೊಂಡು, "ಊರಿಗೆ ಊರೇ ಬರ್ತದೆ ಭಾವ. ಉತ್ತರಕ್ರಿಯೆ ಸಾಮಾನು ತರೋದು ನಾಡಿದ್ದು" ಎಂದ.

ಹೋದೆ. ತೀರ್ಥಹಳ್ಳಿಯ ದಿನಸಿ ಅಂಗಡಿಯಲ್ಲಿ ಸತ್ತವರ ಮಗ ತಲೆ ಬೋಳಿಸಿಕೊಂಡು ಪಟ್ಟಿ ಓದುತ್ತಿದ್ದರೆ, ನಾನು ಪಕ್ಕದಲ್ಲಿ ಕಾರ್ಡು ಹಿಡಿದು ನಿಂತಿದ್ದೆ. ಮಷೀನಿಗೆ ನೆಟ್‌ವರ್ಕ್ ಇರಲಿಲ್ಲ. ಅಂಗಡಿಯವನು ಅದನ್ನು ಮಾಳಿಗೆಗೆ ಒಯ್ದ. "ನಂಬರ್ ಹೇಳಿ ಸಾರ್, ನಾನೇ ಒತ್ತುತೀನಿ" ಎಂದು ಮೇಲಿನಿಂದ ಕೂಗಿದ. ಗುಪ್ತ ಸಂಖ್ಯೆಯನ್ನು ಯಾರಿಗೂ ತಿಳಿಸಬಾರದೆಂದು ನಿಯಮವಿದೆ. ನಾನೇ ಏಣಿ ಹತ್ತಿದೆ. ಕರೀ ಕೋಟು, ಏಣಿ, ಕೆಳಗೆ ಸೂತಕದ ಮನೆಯವರು. ಮೂರನೆಯ ಸಲಕ್ಕೆ ಮಷೀನು ಚೀಟಿ ಕೊಟ್ಟಾಗ ಕೆಳಗಿನಿಂದ ಭಾವಮೈದ ಚಪ್ಪಾಳೆ ತಟ್ಟಿದ. ಆ ಮಗನೂ ಏನೆಂದು ತಿಳಿಯದೆ ತಟ್ಟಿದ.

ಉತ್ತರಕ್ರಿಯೆಯ ಊಟದ ಹೊತ್ತಿಗೆ ಕಥೆ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಹೋಗಿತ್ತು. ಸಾವಿನ ಮನೆಯ ಖರ್ಚಿನಿಂದ ನನ್ನ ಹೆಂಡತಿ ಅಕ್ಕನನ್ನು ನೋಡಲು ಹೋಗುತ್ತಾಳೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ನನ್ನ ಪಕ್ಕದ ಎಲೆಯಲ್ಲಿ ಮೇಗರವಳ್ಳಿಯ ಕಡೆಯ ಒಬ್ಬ ಅಜ್ಜ ಕೂತಿದ್ದರು. ಪಾಯಸ ಮುಗಿಸಿ ನನ್ನ ಕಡೆ ವಾಲಿದರು.

"ನಮ್ಮದೂ ದೊಡ್ಡ ಬಳಗ ಮಾರಾಯ್ರೆ. ಕಮ್ಮಿ ಅಂದ್ರೂ ಇದರ ಎರಡರಷ್ಟು ಜನ ಆಗ್ತಾರೆ. ನಿಮ್ಮ ಕಾರ್ಡು ಎಲ್ಲಿವರೆಗೆ ಉಂಟು?"

ಭಾವಮೈದ ಆ ಕಡೆಯಿಂದ ಗಂಭೀರವಾಗಿ ಹೇಳಿದ. "ಈ ತಿಂಗಳ ಕೊನೆಯೊಳಗೆ ಆದ್ರೆ ಬೋನಸ್ಸಿಗೆ ಬರ್ತದೆ ಅಜ್ಜ."

ಅಜ್ಜ ಕೈ ಒಣಗುವವರೆಗೆ ಯೋಚನೆ ಮಾಡಿದರು. "ಹೇಳ್ಲಿಕ್ಕಾಗಲ್ಲ. ಆದಷ್ಟು ಪ್ರಯತ್ನ ಮಾಡ್ತೀನಿ."

೪. ಮುಚ್ಚುವುದಕ್ಕೆ ಕಾರಣ

ಬೋನಸ್ ಬಂತು. ಪಾಯಿಂಟುಗಳು ವಿಮಾನದವರ ಲೆಕ್ಕಕ್ಕೆ ಹೋದವು. ಬಿಲ್ಲು ಪೂರ್ತಿ ಕಟ್ಟಿ, ಕಾರ್ಡು ಮುಚ್ಚಲು ಫೋನು ಮಾಡಿದೆ. ಹೆಂಡತಿ ಪಕ್ಕದ ದಿವಾನದ ಮೇಲೆ ಮಲಗಿದ್ದಳು. ನನಗೆ ಕಿವಿ ಸ್ವಲ್ಪ ಮಂದವಾದ್ದರಿಂದ ಫೋನು ಸ್ಪೀಕರಿನಲ್ಲಿತ್ತು.

ಆ ಕಡೆ ಒಬ್ಬ ಹುಡುಗಿ, ಕನ್ನಡದವಳೇ. "ಸರ್, ಯಾಕೆ ಕ್ಲೋಸ್ ಮಾಡ್ತಿದೀರ ಅಂತ ತಿಳ್ಕೋಬಹುದಾ?"

"ಬೋನಸ್ಸಿಗಾಗಿ ತೆಗೆದುಕೊಂಡಿದ್ದೆ. ಬೋನಸ್ ಬಂತು. ಇನ್ನು ಕೆಲಸವಿಲ್ಲ."

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು. "ಸರ್, ಹಾಗೆ ಯಾರೂ ಹೇಳಲ್ಲ ಸರ್. ನನ್ನ ಸ್ಕ್ರೀನಲ್ಲಿ ಆ ಆಪ್ಷನ್ನೇ ಇಲ್ಲ."

"ಏನೇನಿದೆ?"

"ಸೇವೆ ಸರಿ ಇಲ್ಲ, ಕೆಲಸ ಹೋಗಿದೆ, ಶಾಶ್ವತವಾಗಿ ವಿದೇಶಕ್ಕೆ ಹೋಗ್ತಿದೀರ, ಆಮೇಲೆ... ಗ್ರಾಹಕರ ಮರಣ. ಇಷ್ಟರಲ್ಲಿ ನಿಮಗೆ ಹತ್ತಿರದ್ದು ಯಾವ್ದು ಸರ್?"

"ಒಂದೂ ಅಲ್ಲ. ಸೇವೆ ಚೆನ್ನಾಗಿತ್ತು. ಉಳಿದದ್ದು ಸುಳ್ಳು."

"ಒಂದನ್ನ ಒತ್ತದಿದ್ರೆ ಮುಂದೆ ಹೋಗಲ್ಲ ಸರ್. ಸೇವೆ ಸರಿ ಇಲ್ಲ ಅಂತ ಹಾಕ್ಲಾ? ನನಗೇ ಬೈತಾರೆ, ಪರವಾಗಿಲ್ಲ." ಧ್ವನಿ ಅಳುವ ಹಾಗಿತ್ತು.

"ನಿನ್ನ ಮೇಲೆ ಇಲ್ಲದ ದೂರು ನಾನು ಯಾಕೆ ಹೇಳಲಿ?"

ಇಪ್ಪತ್ತು ನಿಮಿಷ ಹೀಗೇ ನಡೆಯಿತು. ದಿವಾನದಿಂದ ನನ್ನ ಹೆಂಡತಿ ನಿಟ್ಟುಸಿರು ಬಿಟ್ಟಳು. "ಪಾಪದ ಹುಡುಗಿ. ರೀ, ಆ ಕೊನೇದು ಒಂದಲ್ಲ ಒಂದು ದಿನ ನಿಜ ಆಗೋದೇ ಅಲ್ವಾ? ಅದನ್ನೇ ಹಾಕ್ಲಿ ಬಿಡಿ."

ನಾನು "ಆಗದು" ಎನ್ನುವುದರೊಳಗೆ ಆ ಕಡೆಯಿಂದ "ಥ್ಯಾಂಕ್ಯೂ ಮೇಡಂ" ಎಂದು ಫೋನು ಕಟ್ಟಾಯಿತು.

ವಾರದ ನಂತರ ಹೆಂಡತಿಗೆ ಬ್ಯಾಂಕಿನಿಂದ ಸಂತಾಪ ಬಂತು. ಅದರ ಮರುದಿನ ಫೋನು. "ನಿಮ್ಮ ಯಜಮಾನರ ಅಗಲಿಕೆಯ ದುಃಖದಲ್ಲಿ ನಾವೂ ಭಾಗಿಗಳು ಮೇಡಂ. ಅವರ ಜಾಗದಲ್ಲಿ ನಿಮ್ಮ ಹೆಸರಿಗೆ ಕಾರ್ಡ್ ಮಾಡಿಸ್ತೀರಾ? ಮೊದಲ ಖರೀದಿಗೇ ಬೋನಸ್ ಇದೆ." ನಾನು ಎದುರಿಗೇ ಕೂತು ಕಾಫಿ ಕುಡಿಯುತ್ತಿದ್ದೆ. ಆ ದಿನ ಮನೆಗೆ ಬಂದಿದ್ದ ಭಾವಮೈದ ಎರಡೂ ಕೈ ಎತ್ತಿ, "ಹ್ಞೂಂ ಅನ್ನು, ಹ್ಞೂಂ ಅನ್ನು!" ಎಂದು ಸನ್ನೆ ಮಾಡಿದ.

ಪಾಯಿಂಟಿಗಾಗಿ ಸತ್ತವನಾಗಿರಲು ನಾನು ಒಪ್ಪಲಿಲ್ಲ. ಬದುಕಿದ್ದೇನೆಂದು ಬರೆದೆ. ಅದನ್ನು ನೋಟರಿಯಿಂದ ದೃಢೀಕರಿಸಿ ಕಳಿಸಿ ಎಂದರು. ನೋಟರಿ ನಾನೇ, ಆದರೆ ನನ್ನ ಜೀವಕ್ಕೆ ನಾನೇ ಮೊಹರು ಒತ್ತುವುದು ಸರಿಯಲ್ಲ. ಕೊನೆಗೆ ನನ್ನ ಎದುರು ಮೂವತ್ತು ವರ್ಷ ಕೇಸು ನಡೆಸಿದ ಇನ್ನೊಬ್ಬ ನೋಟರಿಯ ಆಫೀಸಿಗೆ ಹೋಗಬೇಕಾಯಿತು. ಆತ ಕನ್ನಡಕ ಹಾಕಿಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಪೆನ್ನಿನ ಮುಚ್ಚಳ ತೆಗೆದ.

"ಹೇಗೆ ಬರೀಲಿ ಹೇಳಿ. 'ಬದುಕಿರುತ್ತಾರೆ' ಅಂತಲೋ, 'ಬದುಕಿರುವುದಾಗಿ ಹೇಳಿಕೊಂಡಿರುತ್ತಾರೆ' ಅಂತಲೋ?"

೫. ಟೈ ಕಟ್ಟಿದವನು

ಇನ್ನೂ ಕೆಲವು ಕಾರ್ಡುಗಳು ಬಂದವು, ಹೋದವು. ಅವುಗಳ ಕಥೆ ಬೇಡ. ಅಂತೂ ಹೋಗಿಬರುವುದಕ್ಕೆ ಒಂದು ಮಲಗುವ ಸೀಟಿಗೆ ಆಗುವಷ್ಟು ಪಾಯಿಂಟುಗಳಾದವು. ಒಂದಕ್ಕೆ ಮಾತ್ರ. ನನಗೆ ಅದೇ ವಿಮಾನದಲ್ಲಿ ಹಿಂದುಗಡೆ ಮಾಮೂಲಿ ಸೀಟು ಕೊಂಡೆವು. ಅಷ್ಟು ಹೊತ್ತಿಗೆ ದೊಡ್ಡಕ್ಕ ಭಾನುವಾರದ ಕಾಲಿನಲ್ಲಿ ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದರು. "ಬರ್ತಿದೀನಿ ಅಕ್ಕಾ" ಎಂದಳು ಇವಳು. "ಬೇಗ ಬಾ" ಎಂದರು. ಹಿಂದೆಂದೂ ಅವರು ಆ ಮಾತು ಹೇಳಿದವರಲ್ಲ.

ಸಾಗರದಿಂದ ಬೆಂಗಳೂರಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದೆ. ವಿಮಾನದ ಬಾಗಿಲಲ್ಲಿ ಅವಳು ಎಡಕ್ಕೆ, ನಾನು ಬಲಕ್ಕೆ. ನಡುವೆ ಒಂದು ಪರದೆ. ಒಂದೂವರೆ ವರ್ಷದಲ್ಲಿ ಮೊದಲ ಬಾರಿಗೆ ನೆಮ್ಮದಿಯಿಂದ ಕಣ್ಣು ಮುಚ್ಚಿದೆ.

ಮೂರು ಗಂಟೆ ಕಳೆದು ನೋಡಿ ಬರೋಣವೆಂದು ಪರದೆಯ ಹತ್ತಿರ ಹೋದರೆ, ಪರದೆಯ ಆ ಕಡೆ ಅವಳು ಗೋಡೆಗೆ ಕೈಕೊಟ್ಟು ನಿಂತಿದ್ದಾಳೆ. ಕಾಲು ನಡುಗುತ್ತಿತ್ತು.

"ಮಲಗಲಿಲ್ಲವಾ?"

"ಹ್ಯಾಗ್ರೀ ಮಲಗೋದು?" ಎಂದು ಪಿಸುಗುಟ್ಟಿದಳು. "ಸುತ್ತ ಎಲ್ಲ ಗಂಡಸರು. ನನ್ನ ಪಕ್ಕದವನಂತೂ ಟೈ ಕಟ್ಕೊಂಡಿದ್ದಾನೆ."

"ಅವರೂ ಮಲಗಿದ್ದಾರಲ್ಲ!"

"ಅದಕ್ಕೇ ಹೇಳ್ತಿರೋದು!"

ನೆಂಟರ ಮನೆಯಲ್ಲಿ ಗಂಡಸರಿರುವ ಜಗಲಿಗೆ ಬಂದರೆ ನಿಂತೇ ಮಾತಾಡಿ ಒಳಗೆ ಹೋಗುವ ಹೆಂಗಸು ಅವಳು. ಅರವತ್ತು ದಾಟಿದ ಮೇಲೆ ಹತ್ತಾರು ಅಪರಿಚಿತರ ನಡುವೆ ಕಾಲು ಚಾಚಿ ಮಲಗು ಎಂದು ನಾವು ಹೇಳಿದ್ದೆವು. ನಿಯಮಾವಳಿಯನ್ನೆಲ್ಲ ಓದಿದ ನನಗೆ ಇದೊಂದು ಹೊಳೆದಿರಲಿಲ್ಲ. ಪಾಪ, ಗಗನಸಖಿ ಹಾಸಿಗೆ ಹಾಸಿ ಹಾಸಿ ಸೋತಿದ್ದಳಂತೆ. "ಸರ್, ನೀವು ಈ ಕಡೆ ಬರುವ ಹಾಗಿಲ್ಲ" ಎಂದು ನನ್ನನ್ನು ವಾಪಸು ಕಳಿಸಿದಳು. ನಿಯಮ ನಿಯಮವೇ. ಹೋದೆ. ಕಣ್ಣು ಮಾತ್ರ ಮುಚ್ಚಲಿಲ್ಲ.

ಲಂಡನ್ನಿನ ಮನೆ ಮುಟ್ಟುವಾಗ ಅವಳಿಗೆ ಬಣ್ಣವೇ ಇರಲಿಲ್ಲ. ದೊಡ್ಡಕ್ಕ ದಿಂಬಿಗೆ ಒರಗಿದ್ದರು, ಮೂಗಿನಲ್ಲಿ ನಳಿಕೆ, ಪಕ್ಕದಲ್ಲಿ ಗೊರಗೊರ ಎನ್ನುವ ಮಷೀನು. ಇವಳು ನೇರ ಹೋಗಿ ಆ ಹಾಸಿಗೆಯಲ್ಲೇ ಅಕ್ಕನ ಪಕ್ಕಕ್ಕೆ ಮಲಗಿಬಿಟ್ಟಳು. ಇಬ್ಬರೂ ಅತ್ತರು. ನಾನು ಕಿಟಕಿಯಿಂದ ಹೊರಗೆ ನೋಡುತ್ತ ನಿಂತೆ. ನೋಡುವಂಥದ್ದು ಏನೂ ಇರಲಿಲ್ಲ.

ಅತ್ತು ಮುಗಿದ ಮೇಲೆ ದೊಡ್ಡಕ್ಕ ಡಾಕ್ಟರಾದರು. "ಬೆನ್ನು ಹ್ಯಾಗಿದೆ? ಮಲಗಿದ್ಯಾ ದಾರೀಲಿ?"

ಇವಳು ಹೇಳಿದಳು. ದೊಡ್ಡಕ್ಕ ನಗತೊಡಗಿದರು. ನಕ್ಕು ನಕ್ಕು ಮಷೀನು ಕೂಗಿಕೊಂಡಿತು, ಒಳಗಿನಿಂದ ನರ್ಸು ಓಡಿ ಬಂದಳು. ಉಸಿರು ಸಿಕ್ಕಿದ ಮೇಲೆ ಅವರು ನನ್ನ ಕಡೆ ತಿರುಗಿದರು.

"ನಿಂತ್ಕೊಂಡೇ ಕರ್ಕೊಂಡು ಬರೋದಾಗಿದ್ರೆ ಶಿವಮೊಗ್ಗದ ಬಸ್ಸು ಸಾಕಿತ್ತಲ್ಲೋ ಮಾರಾಯ!"

೬. ವಾಪಸು

ಮೂರು ವಾರ ಇದ್ದೆವು. ಅಕ್ಕತಂಗಿಯರು ಇಡೀ ದಿನ ಮಲಗಿಕೊಂಡು ಮಾತಾಡಿದರು. ನಾನು ಗಂಜಿ ಮಾಡಿದೆ, ಬಟ್ಟೆ ಮಡಚಿದೆ. ಹೊರಡುವ ದಿನ ಇಬ್ಬರೂ ಅಳಲಿಲ್ಲ. ಇದೇ ಕೊನೆಯೆಂದು ಇಬ್ಬರಿಗೂ ಗೊತ್ತಿತ್ತು. ಹಾಗೇ ಆಯಿತು. ದೊಡ್ಡಕ್ಕ ಮರುತಿಂಗಳು ತೀರಿಕೊಂಡರು.

ಅವರು ತಂಗಿಗೆ ಕೊಟ್ಟ ಕೊನೆಯ ವೈದ್ಯಕೀಯ ಸಲಹೆ ವಿಮಾನದ ಬಗ್ಗೆ. "ಗಂಡಸರು ಕಾಣ್ತಾರೆ ಅಂತ ತಾನೇ ನಿಂಗೆ ಕಷ್ಟ? ಆ ಬಿಳೀ ಹೊದಿಕೆ ಕೊಡ್ತಾರಲ್ಲ, ತಲೆ ಮೇಲಿಂದ ಎಳ್ಕೊಂಡುಬಿಡು.  ನಿಂಗೂ ಅವರು ಕಾಣಲ್ಲ, ಅವರಿಗೂ ನೀನು ಕಾಣಲ್ಲ. ನನ್ನಾಣೆ, ಮಲಗ್ಬೇಕು."

ವಾಪಸು ವಿಮಾನದಲ್ಲಿ ನಾನು ಹಿಂದೆ ಕೂತು, ಪರದೆಯ ಕಡೆ ನೋಡಬಾರದೆಂದುಕೊಂಡು ಅದನ್ನೇ ನೋಡುತ್ತಿದ್ದೆ. ದೀಪಗಳನ್ನು ಆರಿಸಿ ಬಹಳ ಹೊತ್ತಾಗಿತ್ತು. ಗಗನಸಖಿಯೊಬ್ಬಳು ಸಾಲುಗಳ ನಂಬರು ನೋಡುತ್ತ ಬಂದು ನನ್ನ ಪಕ್ಕ ಮಂಡಿಯೂರಿದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಸರ್... ಮುಂದೆ ಇರುವವರು ನಿಮ್ಮ ಪತ್ನಿಯೇ?"

"ಹೌದು."

"ದಯವಿಟ್ಟು ನನ್ನ ಜೊತೆ ಬನ್ನಿ. ನಿಧಾನವಾಗಿ ಬನ್ನಿ ಸರ್."

ಈ ಸಲ ಪರದೆ ದಾಟಬಾರದೆಂದು ಯಾರೂ ಹೇಳಲಿಲ್ಲ. ಅವಳೇ ಸರಿಸಿ ಹಿಡಿದಳು. ಆಗಲೇ ನನಗೆ ತಿಳಿಯಬೇಕಾದ್ದು ತಿಳಿಯಿತು. ಕೋರ್ಟಿನಲ್ಲಿ ಎಷ್ಟೋ ತೀರ್ಪುಗಳನ್ನು ಮುಖದ ಗೆರೆ ಅಲುಗದಂತೆ ಕೇಳಿದವನು ನಾನು. ಆ ಹತ್ತು ಹೆಜ್ಜೆ ಹೇಗೆ ನಡೆದೆನೋ ಗೊತ್ತಿಲ್ಲ. ಆಪರೇಷನ್ ಆದ ಬೆನ್ನು, ಮೂರು ವಾರದ ಅಳು, ಅಕ್ಕನನ್ನು ಬಿಟ್ಟು ಬಂದ ದುಃಖ. ಇಷ್ಟಕ್ಕಾಗಿಯೇ ನಾನು ಇವಳನ್ನು ಕರೆದುಕೊಂಡು ಬಂದೆನೇ?

ಮುಂದಿನ ಸಾಲುಗಳಲ್ಲಿ ಇಬ್ಬರು ಎದ್ದು ನಿಂತಿದ್ದರು. ಪಕ್ಕದ ಸೀಟಿನವನು, ಈ ಸಲವೂ ಟೈ ಕಟ್ಟಿದವನೇ, ಬೇರೆ ಜಾಗಕ್ಕೆ ಹೋಗಿ ಕೂತು, ಕೈ ಜೋಡಿಸಿಕೊಂಡು ತಲೆ ತಗ್ಗಿಸಿದ್ದ. ಮಂಚದಂತೆ ಬಿಚ್ಚಿದ ಸೀಟಿನ ಮೇಲೆ, ತಲೆಯಿಂದ ಕಾಲಿನವರೆಗೆ ಬಿಳಿಯ ಹೊದಿಕೆ. ಎಲ್ಲಿಯೂ ಸುಕ್ಕಿಲ್ಲ. ಒಳಗೆ ನೇರವಾಗಿ, ಅಂಗಾತ, ಎರಡು ಕೈಗಳನ್ನೂ ಎದೆಯ ಮೇಲಿಟ್ಟುಕೊಂಡ ಆಕಾರ. ಕಾಲಿನ ಎರಡು ಹೆಬ್ಬೆರಳುಗಳು ಮಾತ್ರ ಹೊದಿಕೆಯನ್ನು ಮೇಲಕ್ಕೆ ಎತ್ತಿದ್ದವು.

"ಕರೆದೆವು ಸರ್. ಮುಟ್ಟಿಯೂ ನೋಡಿದೆವು. ಮುಖ ತೆಗೆಯಲು ನಮಗೆ... ಮನೆಯವರು ನೀವಿದ್ದೀರಲ್ಲ ಎಂದು..." ಎಂದಳು ಗಗನಸಖಿ.

ನಾನು ಹೊದಿಕೆಯ ಅಂಚು ಹಿಡಿದೆ. ಮುಖದ ಹತ್ತಿರ ಬಗ್ಗಿ ಸ್ವಲ್ಪವೇ ಎತ್ತಿದೆ.

ಒಳಗೆ ಎರಡು ಕಣ್ಣುಗಳು ಸಿಟ್ಟಿನಿಂದ ನನ್ನನ್ನೇ ನೋಡುತ್ತಿದ್ದವು.

"ಎಂತ ರೀ ನೀವು! ಆಗ್ಲಿಂದ ಯಾರೋ ಮುಟ್ಟಿ ಮುಟ್ಟಿ ನೋಡ್ತಿದಾರೆ, ಆ ಟೈನವನೇ ಇರ್ಬೇಕು ಅಂತ ಉಸಿರು ಬಿಗಿ ಹಿಡ್ಕೊಂಡು ಮಲಗಿದೀನಿ. ಮುಚ್ಚಿ ಮುಖ, ಎಲ್ಲ ನೋಡ್ತಿದಾರೆ!" ಎಂದು ನನ್ನೊಬ್ಬನಿಗೇ ಕೇಳುವಂತೆ ಪಿಸುಗುಟ್ಟಿದಳು.

ಮುಚ್ಚಿದೆ. ನನ್ನ ಹಿಂದೆ ಇಡೀ ಸಾಲು ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿತು.